ಎರಡು ಸಲ ಬಂದ ಇಸ್ವಾಣ

ನೆನಪು ನಂಬಿಕಸ್ಥ ಆಳಲ್ಲ ಎಂದು ನಾನು ಕಲಿತದ್ದು ಧಾರವಾಡದಲ್ಲಿ, ಇತಿಹಾಸದ ಎಂ.ಎ. ಓದುವಾಗ. ಎರಡು ವರ್ಷ ಅಲ್ಲಿ ನಮಗೆ ಕಲಿಸಿದ್ದು ಒಂದೇ ವಿದ್ಯೆ: ಯಾರು ಏನೇ ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವುದು. ಯುದ್ಧ ಗೆದ್ದೆ ಎಂದು ರಾಜ ಶಾಸನ ಕೆತ್ತಿಸಿದ್ದರೆ ಸೋತವನ ಊರಿನ ಶಾಸನವನ್ನೂ ಹುಡುಕಬೇಕು. ಅಲ್ಲಿ ಅವನೂ ಗೆದ್ದಿರುತ್ತಾನೆ. ಈ ವಿದ್ಯೆಯನ್ನು ಊರಿಗೆ ತಂದು ಎಲ್ಲರ ಮೇಲೂ ಪ್ರಯೋಗಿಸಿದೆ. ಹೊಳೆ ಈಜಿಕೊಂಡು ಶಾಲೆಗೆ ಹೋಗುತ್ತಿದ್ದೆ ಎಂದು ಅಪ್ಪ ಹೇಳಿದಾಗ, ಪುಸ್ತಕದ ಚೀಲ ಯಾರ ಕೈಯಲ್ಲಿರುತ್ತಿತ್ತು ಎಂದು ಕೇಳಿದೆ. ನಮ್ಮ ಕೇರಿಯ ದೇವಸ್ಥಾನಕ್ಕೆ ಸಾವಿರ ವರ್ಷ ಎಂದವರ ಎದುರಿಗೇ ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದು ನೋಡಿದೆ. ಹೀಗೆ ಹೊನ್ನಾವರದಲ್ಲಿ ನನ್ನನ್ನು ಊಟಕ್ಕೆ ಕರೆಯುವ ಮನೆಗಳು ಕಡಿಮೆಯಾಗುತ್ತ ಬಂದವು. ನಾನು ಅನುಮಾನಿಸದೆ ಬಿಟ್ಟ ಮನುಷ್ಯ ಒಬ್ಬನೇ. ಅವನ ಬಗ್ಗೆಯೇ ಈಗ ಹೇಳಹೊರಟಿದ್ದೇನೆ.

ಇಂಥವನು ಉಪನ್ಯಾಸಕನಾಗಬೇಕಿತ್ತು. ಆದರೆ ನಾನು ಕೊಟ್ಟ ಸಂದರ್ಶನಗಳಲ್ಲೆಲ್ಲ ಎದುರು ಕೂತವರ ಪ್ರಶ್ನೆಗಳಿಗೇ ಆಧಾರ ಕೇಳಿದ್ದರಿಂದ, ಕೊನೆಗೆ ಸ್ಟ್ಯಾಂಡಪ್ ಕಾಮಿಡಿಯನ್ ಆದೆ. ಮೈಕಿನ ಮುಂದೆ ಒಬ್ಬನೇ ನಿಂತು ಜನರನ್ನು ನಗಿಸುವ ಕೆಲಸ. ಮಗ ಎಂತ ಮಾಡ್ತಾನೆ ಎಂದು ಯಾರಾದರೂ ಕೇಳಿದರೆ, ನಿಂತುಕೊಂಡು ಮಾತಾಡುವ ಕೆಲಸ ಎಂದು ಅಪ್ಪ ವಿವರಿಸುತ್ತಿದ್ದರು. ಪಕ್ಕದ ಮನೆಯ ಶಾನುಭಾಗರು ಒಮ್ಮೆ ಬಹಳ ಕನಿಕರದಿಂದ, "ಕೂತ್ಕಂಡು ಮಾಡೂ ಕೆಲ್ಸ ಎಂತೂ ಸಿಕ್ಲಿಲ್ವಾ?" ಎಂದು ವಿಚಾರಿಸಿದ್ದರು. ಕೂತುಕೊಂಡು ಮಾಡುವ ಕೆಲಸವನ್ನೂ ಮಾಡುತ್ತೇನೆ, ನಾಟಕ ಬರೆಯುತ್ತೇನೆ. ಇದುವರೆಗೆ ಮೂರು ಬರೆದಿದ್ದೇನೆ. ಮೊದಲನೆಯದನ್ನು ಯಾರೂ ಆಡಲಿಲ್ಲ. ಎರಡನೆಯದನ್ನು ಆಡಿದರು, ಯಾರೂ ನೋಡಲಿಲ್ಲ. ಮೂರನೆಯದರ ಕಥೆ ಮುಂದೆ ಬರುತ್ತದೆ.

ನನ್ನ ಸಂಚಾರವನ್ನು ಪ್ರಪಂಚ ಪರ್ಯಟನೆ ಎಂದು ಭಾವಿಸಬೇಡಿ. ಕುಮಟಾ, ಹೊನ್ನಾವರ, ಭಟ್ಕಳ, ಮತ್ತೆ ಅಲ್ಲಿಂದ ತಿರುಗಿ ಕುಮಟಾ. ಹೆದ್ದಾರಿಯ ಅಗಲೀಕರಣ ಮುಗಿದರೆ ಇನ್ನೂ ಬೇಗ ತಿರುಗಬಹುದು, ಆದರೆ ಅದು ಮುಗಿಯುವ ಹೊತ್ತಿಗೆ ನನ್ನ ಹಾಸ್ಯ ಮುಗಿದಿರುತ್ತದೆ. ಶಾಲೆಗಳ ಗ್ಯಾದರಿಂಗು, ಸಹಕಾರಿ ಸಂಘದ ವಾರ್ಷಿಕ ಸಭೆ, ಮದುವೆ ಛತ್ರ, ಎಲ್ಲಿ ಮೈಕು ಇದೆಯೋ ಅಲ್ಲಿ ನಾನು. ಒಂದೊಂದು ಊರಿನ ನಗು ಒಂದೊಂದು ರೀತಿ. ಕುಮಟೆಯಲ್ಲಿ ಮುಂದಿನ ಸಾಲಿನ ತುಂಬ ನಿವೃತ್ತ ಮಾಸ್ತರರು ಕೂತಿರುತ್ತಾರೆ. ಮೊದಲು ತಪ್ಪು ಹುಡುಕಿ, ಸಿಗದಿದ್ದರೆ ನಗುತ್ತಾರೆ. ಭಟ್ಕಳದಲ್ಲಿ ನಗು ಎರಡು ಕಂತಿನಲ್ಲಿ ಬರುತ್ತದೆ: ಕನ್ನಡ ಸಲೀಸಾಗಿ ತಿಳಿದವರು ಮೊದಲು ನಕ್ಕು, ಪಕ್ಕದವರಿಗೆ ತಮ್ಮ ಮನೆಮಾತು ನವಾಯತಿಯಲ್ಲಿ ಹೇಳುತ್ತಾರೆ. ಎರಡನೆಯ ಕಂತು ಯಾವಾಗಲೂ ದೊಡ್ಡದು. ನನ್ನ ಜೋಕನ್ನು ಅವರು ರಿಪೇರಿ ಮಾಡಿ ದಾಟಿಸುತ್ತಾರೆಂದು ನನಗೆ ಸಂಶಯವಿದೆ. ಹೊನ್ನಾವರ ನನ್ನ ಸ್ವಂತ ಊರು. ಅಲ್ಲಿ ಎಲ್ಲರೂ ಕೈಕಟ್ಟಿಕೊಂಡು ಕೂರುತ್ತಾರೆ.

ಈ ಮೂರೂ ಊರುಗಳಲ್ಲಿ ನನ್ನ ಅನ್ನ ಬೇಯಿಸಿದ್ದು ಒಂದು ಮೀನು. ಹನ್ನೆರಡು ನಿಮಿಷದ ಪ್ರಸಂಗ. ಹೊಸ ಅಳಿಯನಾಗಿ ಹೆಂಡತಿಯ ಮನೆಗೆ ಹೋಗಿದ್ದೇನೆ. ಎಂ.ಎ. ಓದಿದ ಅಳಿಯನಿಗೆ ಮೀನು ಆರಿಸಲು ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅತ್ತೆ ನನ್ನ ಕೈಗೆ ಚೀಲ ಕೊಟ್ಟು ಪೇಟೆಗೆ ಕಳಿಸುತ್ತಾರೆ. ನಾನು ಮಾರ್ಕೆಟ್ಟಿಗೆ ಹೋಗಿ ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ಶಾಸನ ಓದಿದಷ್ಟು ಶ್ರದ್ಧೆಯಿಂದ ಪರಿಶೀಲಿಸಿ ಒಂದು ದೊಡ್ಡ ಇಸ್ವಾಣ ತರುತ್ತೇನೆ. ಅತ್ತೆ ಅದನ್ನು ಚೀಲದಿಂದ ತೆಗೆದು ಬಹಳ ಹೊತ್ತು ನೋಡುತ್ತಾರೆ. ಆಮೇಲೆ, ಈ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನುತ್ತಾರೆ. ಬಾಲದ ತುದಿ ಹರಿದಿರುತ್ತದೆ. ಆ ಬೆಳಿಗ್ಗೆ ಮೀನಿನ ಹೆಂಗಸು ಬುಟ್ಟಿ ಹೊತ್ತು ಅಂಗಳಕ್ಕೆ ಬಂದಾಗ, ನಿನ್ನೆಯ ಮೀನು, ಆಚೆ ತೆಗೆದುಕೊಂಡು ಹೋಗು ಎಂದು ಅತ್ತೆ ಬೈದು ಕಳಿಸಿದ್ದು ಇದೇ ಇಸ್ವಾಣವನ್ನು. ಅದು ಬುಟ್ಟಿಯಲ್ಲಿ ಪೇಟೆಗೆ ಹೋಗಿ, ಅಳಿಯನ ಕೈಯಲ್ಲಿ ಮರ್ಯಾದೆಯಿಂದ ಮನೆಗೆ ಬಂದಿದೆ. ಇಷ್ಟೇ. ಇದಕ್ಕೆ ನಾನು ಅತ್ತೆಯ ನಡಿಗೆ, ಮಾವನ ಕೆಮ್ಮು, ಮೀನಿನ ನೋಟ ಎಲ್ಲ ಸೇರಿಸಿ ಅಭಿನಯಿಸುತ್ತೇನೆ. ಮೀನಿನ ನೋಟಕ್ಕೆ ಮಾಸ್ತರರೂ ನಗುತ್ತಾರೆ.

ಇದರಲ್ಲೊಂದು ಕಸುಬಿನ ಗುಟ್ಟಿದೆ. ಪೆದ್ದ ಯಾವಾಗಲೂ ಬೇರೆ ತಾಲೂಕಿನವನಾಗಿರಬೇಕು. ಆದ್ದರಿಂದ ಕುಮಟೆಯಲ್ಲಿ ನಾನು ಹೊನ್ನಾವರದ ಅಳಿಯ. ಭಟ್ಕಳದಲ್ಲಿ ಕುಮಟೆಯ ಅಳಿಯ. ನಾನು ಚಡ್ಡಿ ಹಾಕಿದ್ದನ್ನು ಕಂಡವರೇ ತುಂಬಿರುವ ಹೊನ್ನಾವರದಲ್ಲಿ ಮಾತ್ರ, ಇದು ಭಟ್ಕಳದ ನನ್ನ ಗೆಳೆಯನೊಬ್ಬನಿಗೆ ಆದದ್ದು ಎನ್ನುತ್ತೇನೆ. ಈ ಗುಟ್ಟು ನನಗೆ ತಾನಾಗಿ ಹೊಳೆದದ್ದು ಎಂದು ಎರಡು ಕಾಲೇಜುಗಳಲ್ಲಿ ಭಾಷಣವನ್ನೂ ಮಾಡಿದ್ದೇನೆ. ಪ್ರಸಂಗ ಹೀಗೆ ಊರೂರು ಬದಲಿಸಿದರೂ ಮೂಲ ಘಟನೆ ನನ್ನ ಜೀವನದಲ್ಲಿ ನಡೆದದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಚೀಲ ಹಳದಿ ಬಣ್ಣದ್ದು. ಬಾಗಿಲ ಬಳಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಇಷ್ಟು ಸ್ಪಷ್ಟವಾಗಿ ನೆನಪಿರುವುದು ಸುಳ್ಳಾಗಲು ಸಾಧ್ಯವೇ? ಬೇರೆ ಯಾರಾದರೂ ಹೀಗೆ ಕೇಳಿದ್ದರೆ ನಾನು ಜೋರಾಗಿ ನಕ್ಕುಬಿಡುತ್ತಿದ್ದೆ.

ನನ್ನ ಮೂರನೆಯ ನಾಟಕ ಈ ಮೀನಿನದೇ. ಹನ್ನೆರಡು ನಿಮಿಷವನ್ನು ಎರಡು ಗಂಟೆಗೆ ಎಳೆದಿದ್ದೇನೆ. ಕುಮಟೆಯ ಒಂದು ಹವ್ಯಾಸಿ ತಂಡ ಅದನ್ನು ಕೈಗೆತ್ತಿಕೊಂಡು, ನನ್ನ ಹೆಸರಿನ ಕೆಳಗೆ 'ನಾಟಕಕಾರರ ಸ್ವಂತ ಜೀವನದ ಸತ್ಯ ಘಟನೆ' ಎಂದು ಬ್ಯಾನರು ಹಾಕಿಸಿತು. ಬ್ಯಾನರು ಹೆದ್ದಾರಿಯ ಪಕ್ಕದಲ್ಲಿ, ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿ ಮಾರುತ್ತಾರಲ್ಲ, ಆ ಚಪ್ಪರಗಳ ಎದುರಿಗೇ ನಿಂತಿತು. ಅದರ ಕೆಳಗೆ ನಿಂತು ನಾನೊಂದು ಫೋಟೋ ತೆಗೆಸಿಕೊಂಡೆ.

ಬ್ಯಾನರು ನಿಂತ ವಾರವೇ ಹೆಂಡತಿಯ ತವರಾದ, ಭಟ್ಕಳ ಕಡೆಯ ಕಾಯ್ಕಿಣಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ. ಆ ಕಡೆಯ ಮದುವೆಗಳಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ನಿಂತು ಹಾಡಿನಲ್ಲೇ ಅವರನ್ನು ಹಂಗಿಸುವ ಪದ್ಧತಿಯಿದೆ. ಬೀಗರು ಹೊಟ್ಟೆಬಾಕರು, ಬೀಗಿತ್ತಿಯ ಮೂಗುತಿ ಎರವಲು, ಮದುಮಗ ಕುಂಬಳಕಾಯಿ ಎಂದು ಎಷ್ಟು ಬೇಕಾದರೂ ಹಾಡಬಹುದು. ಹಾಡಿಸಿಕೊಂಡವರು ತಲೆ ತಗ್ಗಿಸಿ ಪಾಯಸ ಉಣ್ಣಬೇಕು. ಕಾಯ್ಕಿಣಿಯಲ್ಲಿ ಇದರ ಮುಂದಾಳು ಮಾದೇವಕ್ಕ. ಎಪ್ಪತ್ತು ದಾಟಿದ ಹೆಂಗಸು. ಬಸಳೆ, ಹರಿವೆ ಬೆಳೆದು ಮಾರುತ್ತಾಳೆ. ಮೈಕು ಬೇಡ, ಬೆಳಕು ಬೇಡ. ಅವಳು ಮೊದಲ ಸೊಲ್ಲು ಎತ್ತಿದರೆ ಬಡಿಸುವವರ ಸೌಟು ನಿಲ್ಲುತ್ತದೆ. ಅವತ್ತು ಅವಳು ಎತ್ತಿದ್ದು ಹೀಗಿತ್ತು:

ಹೊತ್ತಾರೆ ಬೈದಟ್ಟಿದ ಇಸ್ವಾಣ
ಮದ್ಯಾನ ಅಳಿಯನ ಚೀಲದಲ್ಲೋ
ಕುಮಟೆಯ ಜಾಣ ತಂದನಲ್ಲೋ
ಅತ್ತೆಗೆ ಬಾಲದ ಗುರುತಿತ್ತೋ

ಎರಡನೆಯ ನುಡಿಗೆ ಹೋಗುವ ಮೊದಲೇ ಮದುಮಗನ ಗೆಳೆಯನೊಬ್ಬ ಎಲೆಯಿಂದ ತಲೆ ಎತ್ತಿ, "ಅಜ್ಜೀ, ಇದು ಇವ್ರ ಕಾಮಿಡಿ ಅಲ್ದಾ? ಮೊಬೈಲಲ್ಲಿ ನೋಡ್ಕಂಡು ಹಾಡೂದಾ?" ಎಂದು ನನ್ನ ಕಡೆ ಬೆರಳು ಮಾಡಿದ. ಪಂಕ್ತಿ ಇಡೀ ನಕ್ಕಿತು. ಮಾದೇವಕ್ಕ ಹಾಡು ನಿಲ್ಲಿಸಿದಳು. ಅವಳ ಹಾಡು ನಡುವೆ ನಿಂತದ್ದನ್ನು ಆ ಊರಿನವರು ಯಾರೂ ಕಂಡಿರಲಿಲ್ಲ. ಎಲ್ಲರೂ ನನ್ನ ತೀರ್ಪಿಗಾಗಿ ತಿರುಗಿದರು. ನನಗೆ ಮುಜುಗರವಾಗಬೇಕಿತ್ತು, ಆದದ್ದು ಸಂತೋಷ. ಜನಪದಕ್ಕೇ ಇಳಿದುಬಿಟ್ಟೆನಲ್ಲ ಎನ್ನಿಸಿತು. ದೊಡ್ಡ ಕಲಾವಿದರ ಔದಾರ್ಯವನ್ನು ಮುಖಕ್ಕೆ ತಂದುಕೊಂಡು, "ಇರಲಿ ಬಿಡಿ, ಹಾಡಲಿ ಪಾಪ. ನಂದೇನೂ ಅಭ್ಯಂತರವಿಲ್ಲ," ಎಂದೆ. ಮಾದೇವಕ್ಕ ನನ್ನನ್ನೊಮ್ಮೆ ನೋಡಿದಳು. ಈ ನೋಟವನ್ನು ಎಲ್ಲೋ ಕಂಡಿದ್ದೇನಲ್ಲ ಎಂದುಕೊಂಡೆ. ಮೀನಿನದು. ನಾನು ಹನ್ನೆರಡು ನಿಮಿಷದ ಕೊನೆಯಲ್ಲಿ ಮಾಡಿ ತೋರಿಸುವ ನೋಟ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮನೆಗೆ ಹೊರಟುಹೋದಳು.

ಬೈಕಿನಲ್ಲಿ ಹೊನ್ನಾವರಕ್ಕೆ ಮರಳುವಾಗ ಹೆಂಡತಿ ಗೀತಾ ಹಿಂದೆ ಕೂತಿದ್ದಳು. ಶರಾವತಿ ಸೇತುವೆ ಬಂದ ಮೇಲೆ, ನಮ್ಮ ಅಮ್ಮ ನಿಮ್ಮನ್ನು ಯಾವತ್ತು ಮೀನು ತರಲು ಕಳಿಸಿದ್ದರು ಎಂದು ಕೇಳಿದಳು. ಹಳದಿ ಚೀಲ, ಮಾವನ ಕೆಮ್ಮು ಎಂದು ನಾನು ಸಾಕ್ಷ್ಯಗಳನ್ನು ಒಂದೊಂದಾಗಿ ಮುಂದಿಟ್ಟೆ. ಅವಳ ಅಮ್ಮ ಜೀವಮಾನದಲ್ಲಿ ಬೇರೆಯವರು ಆರಿಸಿದ ಮೀನನ್ನು ಮನೆಯೊಳಗೆ ಬಿಟ್ಟವರಲ್ಲವಂತೆ. ನನ್ನನ್ನು ಒಂದೇ ಒಂದು ಸಲ ಪೇಟೆಗೆ ಕಳಿಸಿದ್ದು ತೆಂಗಿನಕಾಯಿಗೆ. ಅದನ್ನೂ ನಾನು ತರಲಿಲ್ಲವಂತೆ.

"ಮತ್ತೆ ಇಷ್ಟು ವರ್ಷ ನೀನು ಯಾಕೆ ಸುಮ್ಮನಿದ್ದೆ?" ಎಂದೆ.

"ನೀವು ಸುಳ್ಳು ಹೇಳ್ತ್ರಿ ಅಂತ ಮಾಡಿದ್ದೆ ಮಾರಾಯ್ರೇ. ಅದೇ ನಿಮ್ಮ ಕೆಲ್ಸ ಅಲ್ದಾ? ನಿಜ ಅಂತ ನಂಬ್ಕಂಡಿದ್ರಿ ಅಂತ ನಂಗೆಂತ ಗೊತ್ತು?"

ಬದುಕಿನಲ್ಲಿ ಮೊದಲ ಸಲ ನನಗೆ ನನ್ನಿಂದಲೇ ಆಧಾರ ಕೇಳುವ ಪ್ರಸಂಗ ಬಂತು. ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. 'ಮೀನು, ಅತ್ತೆ, ಬಾಲ' ಎಂದು ಮೂರೇ ಶಬ್ದ. ಇದಕ್ಕಿಂತ ಸ್ಪಷ್ಟವಾದ ಶಾಸನಗಳನ್ನು ನಾನು ನಕಲಿ ಎಂದು ತಳ್ಳಿಹಾಕಿದ್ದುಂಟು. ಗೀತಾ ಕಪಾಟಿನ ಮೇಲಿಂದ ನಮ್ಮ ಮದುವೆಯ ಸಿಡಿ ಇಳಿಸಿ ಮೇಜಿನ ಮೇಲಿಟ್ಟಳು. ಸಿಡಿ ಇತ್ತು, ಅದನ್ನು ಹಾಕುವ ಯಂತ್ರ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯವನ ಹಳೆಯ ಕಂಪ್ಯೂಟರಿಗೆ ಇನ್ನೂ ಸಿಡಿಯ ಬಾಯಿ ಇದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆವು. ಆಧಾರ್ ಕಾರ್ಡ್ ಹಿಡಿದು ಕಾಯುತ್ತಿದ್ದ ನಾಲ್ಕೈದು ಜನ ಸುತ್ತ ನಿಂತು ನಮ್ಮ ಮದುವೆ ನೋಡತೊಡಗಿದರು. ಒಬ್ಬರು, ಆವಾಗ ಕೂದಲು ಚೆನ್ನಾಗಿತ್ತಲ್ಲ ಎಂದರು. ಊಟದ ಪಂಕ್ತಿ ಬಂತು. ಬಾಸಿಂಗ ಕಟ್ಟಿಕೊಂಡು ನಾನು ಕೂತಿದ್ದೇನೆ. ಎದುರಿಗೆ ಹದಿನಾಲ್ಕು ವರ್ಷ ಚಿಕ್ಕವಳಾದ ಮಾದೇವಕ್ಕ. ಇಸ್ವಾಣದ ಹಾಡು. ಅಳಿಯನ ಜಾಗದಲ್ಲಿ ನನ್ನ ಹೆಸರು. ಪದ್ಧತಿಯೇ ಹಾಗೆ, ಆಯಾ ಮದುಮಗನ ಹೆಸರು ಹಾಕಿ ಹಾಡುವುದು. ನಾನು ಮೂರು ದಿನ ನಿದ್ದೆಗೆಟ್ಟವನ ಹಾಗೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೇನೆ. ಪಕ್ಕದಲ್ಲಿ ಗೀತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ಬಡಿಸುವವನೊಬ್ಬನ ಹೆಗಲಿನಲ್ಲಿ ಹಳದಿ ಚೀಲ. ಎಲ್ಲೋ ಹಿಂದಿನಿಂದ ನನ್ನ ಅಪ್ಪ, "ಕುಮಟೆ ಅಲ್ಲ, ನಾವು ಹೊನ್ನಾವರದವ್ರು," ಎಂದು ಕೂಗಿ ಹೇಳುತ್ತಿದ್ದಾರೆ.

ಎಷ್ಟೋ ಮದುಮಕ್ಕಳು ಆ ಹಾಡನ್ನು ಹಾಡಿಸಿಕೊಂಡಿದ್ದಾರೆ. ಅವರೆಲ್ಲ ಪಾಯಸ ಉಂಡು ಮರೆತರು. ಬೈಗುಳವನ್ನು ಆತ್ಮಚರಿತ್ರೆಯೆಂದು ತಿಳಿದವನು ನಾನೊಬ್ಬನೇ. ಎಂ.ಎ. ಓದಿದವನೂ ನಾನೊಬ್ಬನೇ ಇರಬೇಕು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಸದ್ದಿಲ್ಲದೆ ಮರೆಯುತ್ತಿದ್ದೆ. ಆ ಕಲೆ ನನಗೆ ಗೊತ್ತಿದೆ. ಆದರೆ ಕಾಯ್ಕಿಣಿಯಿಂದ ಗೀತಾಳಿಗೆ ಫೋನ್ ಬಂತು. ಮಾದೇವಕ್ಕನ ಮೊಮ್ಮಗಳ ಮದುವೆ ಮುಂದಿನ ತಿಂಗಳು. ಸ್ವಂತ ಮೊಮ್ಮಗಳ ಮದುವೆಯಲ್ಲಿ ಹಾಡುವುದಿಲ್ಲ ಎಂದು ಅವಳು ಕೂತಿದ್ದಾಳಂತೆ. ಮೊಬೈಲು ನೋಡಿ ಹಾಡುತ್ತಾಳೆ ಎಂದು ಅನ್ನಿಸಿಕೊಂಡ ಮೇಲೆ ಬಾಯಿ ತೆರೆಯುವುದೆಂತಕ್ಕೆ ಎಂದಳಂತೆ. ಅವಳ ಕೈಯಲ್ಲಿ ಕೀಪ್ಯಾಡ್ ಫೋನೂ ಇಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಹಾಡದಿದ್ದರೆ ಆ ಹುಡುಗಿಯ ಮದುವೆ ಬರೀ ಊಟವಾಗುತ್ತದೆ.

ನಾನು ಧೈರ್ಯವಂತನಂತೆ ವೇದಿಕೆಯ ಮೇಲೇ ತಪ್ಪೊಪ್ಪಿಕೊಳ್ಳಲು ನಿರ್ಧರಿಸಿದೆ. ಕುಮಟೆಯ ಕಾರ್ಯಕ್ರಮದಲ್ಲಿ ಮಾಸ್ತರರ ಎದುರು ಕೈಮುಗಿದು, ಈ ಮೀನು ನನ್ನದಲ್ಲ, ಕಾಯ್ಕಿಣಿಯ ಮಾದೇವಕ್ಕನ ಹಾಡಿನಿಂದ ಕದ್ದದ್ದು, ಕದ್ದದ್ದು ನನಗೇ ಗೊತ್ತಿರಲಿಲ್ಲ ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಝೆರಾಕ್ಸ್ ಅಂಗಡಿ ಬಂದಾಗ ಮಾಸ್ತರರೊಬ್ಬರು ಕಣ್ಣು ಒರೆಸಿಕೊಂಡರು. ನಿಜವಾಗಿ ಹೇಳುತ್ತಿದ್ದೇನೆ ಎಂದೆ, ಇನ್ನೂ ನಕ್ಕರು. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ದೊಡ್ಡ ನಗು ಸಿಕ್ಕಿರಲಿಲ್ಲ, ಅದೂ ಒಂದೇ ಒಂದು ನಿಜ ಹೇಳಿದ ದಿನ. ಯಾರೋ ಅದನ್ನು ಚಿತ್ರೀಕರಿಸಿ ಹರಿಬಿಟ್ಟರು. ಎರಡೇ ದಿನಕ್ಕೆ ಕಾಯ್ಕಿಣಿಯವರು, ಮಾದೇವಕ್ಕನನ್ನೂ ಕಾಮಿಡಿಗೆ ಸೇರಿಸಿದನಂತೆ ಎಂದು ಮಾತಾಡಿಕೊಂಡರು. ನಾಟಕದ ತಂಡದವರಿಗೆ ಬ್ಯಾನರಿನಲ್ಲಿ ಅವಳ ಹೆಸರು ಹಾಕಿ ಎಂದು ಹೇಳಿದೆ. ಸತ್ಯ ಘಟನೆ ಅನ್ನುವುದನ್ನು ತೆಗೆದರೆ ಟಿಕೆಟ್ಟಿಗೆ ಪೆಟ್ಟು ಎಂದು ಅವರು ಅವಳ ಹೆಸರನ್ನು ಸೇರಿಸಿ ಅದನ್ನೂ ಉಳಿಸಿಕೊಂಡರು.

ಕೊನೆಗೆ ಎರಡು ಜಡೆ ಸಿಹಿ ಈರುಳ್ಳಿ ಹಿಡಿದು ಕಾಯ್ಕಿಣಿಗೇ ಹೋದೆ, ಗೀತಾಳ ಜೊತೆ. ಮಾದೇವಕ್ಕ ಹರಿವೆಯ ಮಡಿಗೆ ನೀರು ಹಾಕುತ್ತಿದ್ದಳು. ನಾನು ಸಿಡಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿ, ಹಾಡು ಕದ್ದದ್ದಕ್ಕೆ ಕ್ಷಮೆ ಕೇಳಿದೆ. ಅವಳು ತಂಬಿಗೆ ಕೆಳಗಿಟ್ಟಳು.

"ಹಾಡು ನಂದೂ ಅಲ್ಲ. ನಮ್ಮ ದೊಡ್ಡವ್ವಿ ಹೇಳ್ತಿತ್ತು, ಅದ್ಕೆ ಯಾರು ಹೇಳ್ಕೊಟ್ಟದ್ದೋ. ಕದ್ಕಂಡು ಹೋದ್ರೆ ಹೋಗ್ಲಿ, ಹಾಡಿಗೆಂತ ಬೇಲಿ ಉಂಟಾ?" ಎಂದಳು. ಆಮೇಲೆ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು, "ಆದ್ರೆ ಅಷ್ಟ್ ಜನರ ಮುಂದೆ ನಂಗೆ ಮಾಫಿ ಮಾಡ್ದ್ಯಲ್ಲ. ನನ್ನ ಹಾಡ್ನ ನಾ ಹಾಡೂಕೆ ಅಡ್ಡಿಲ್ಲ ಅಂದ್ಯಲ್ಲ, ಪಾಪ ಅಂತ. ಅದು ನುಂಗೂಕೆ ಆಗ್ತಿಲ್ಲೆ," ಎಂದಳು.

ನಾನು ತಲೆ ತಗ್ಗಿಸಿದೆ. ಏನು ಮಾಡಬೇಕು ಹೇಳಿ ಎಂದೆ. ಮೊಮ್ಮಗಳ ಮದುವೆಗೆ ಬಂದು ಗಂಡಿನ ಕಡೆಯ ಪಂಕ್ತಿಯಲ್ಲಿ, ಮದುಮಗನ ಮಗ್ಗುಲಲ್ಲೇ ಕೂರಬೇಕು, ಪಾಯಸ ಮುಗಿಯುವವರೆಗೆ ಬಾಯಿ ಬಿಡಬಾರದು ಎಂದಳು. ಅಷ್ಟೇ ಷರತ್ತು.

ಹೋಗಿ ಕೂತೆ. ಮಾದೇವಕ್ಕ ಸೆರಗು ಸುತ್ತಿ ಎದುರು ನಿಂತಳು. ಹಿಂದೆ ಹತ್ತು ಹೆಂಗಸರು. ಹಳೆಯ ನುಡಿ ಮುಗಿಸಿ ಉಸಿರು ತೆಗೆದುಕೊಂಡು, ನನ್ನನ್ನೇ ನೋಡುತ್ತ ಹೊಸದನ್ನು ಎತ್ತಿದಳು:

ಹಾಡಿನ ಮೀನನ್ನ ಕದ್ದನಲ್ಲೋ
ಮೂರೂರ ಸಂತೇಲಿ ಮಾರಿದನಲ್ಲೋ
ಯಜಮಾನ್ತಿ ಬಂದರೆ ಮಾಫಿಯೆಂದನಲ್ಲೋ
ಕುಮಟೆಯ ಜಾಣ ಇವನಲ್ಲೋ

ನನ್ನ ಹನ್ನೆರಡು ನಿಮಿಷಕ್ಕೆ ಬಾರದ ನಗು ಅವಳ ನಾಲ್ಕು ಸಾಲಿಗೆ ಬಂತು. ಹಿಂದಿನ ಮದುವೆಯಲ್ಲಿ ನನ್ನ ಕಡೆ ಬೆರಳು ಮಾಡಿದ್ದ, ಆ ಮದುಮಗನ ಗೆಳೆಯನೂ ಇಲ್ಲಿಗೆ ಬಂದಿದ್ದ. ಅವನಂತೂ ಎಲೆಯ ಮೇಲೇ ಬಾಗಿಬಿಟ್ಟ. ಮೊಬೈಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸೊಸೈಟಿಯ ಸಭೆಯಲ್ಲಿ ಮೈಕು ಕೆಟ್ಟರೂ ಹೆದರದ ನಾನು, ಬಾಯಿ ಮುಚ್ಚಿಕೊಂಡು ಮೂರು ಸಲ ಪಾಯಸ ಹಾಕಿಸಿಕೊಂಡೆ. ಕೈ ತೊಳೆಯುವಾಗ ಮಾತ್ರ ತಡೆಯಲಾಗದೆ, ಮಾದೇವಕ್ಕಾ, ಉಳಿದದ್ದೆಲ್ಲ ಸರಿ, ಆದರೆ ನಾನು ಹೊನ್ನಾವರದವನು ಎಂದೆ. ಅಪ್ಪನ ಮಾತೇ ನನ್ನ ಬಾಯಲ್ಲಿ ಬಂತು.

"ಗೊತ್ತುಂಟು ತಮಾ," ಎಂದಳು ಅವಳು. "ಪೆದ್ದ ಯಾವಾಗ್ಲೂ ಒಂಚೂರು ದೂರದೂರಿನವ್ನೇ ಆಗ್ಬೇಕು. ಹೊನ್ನಾವರದವ್ರು ನಾಳೆ ಸಂತೇಲಿ ಸಿಗ್ತ್ರು."

ಎರಡು ಕಾಲೇಜುಗಳಲ್ಲಿ ನಾನು ಭಾಷಣ ಮಾಡಿದ ಗುಟ್ಟು. ಅದನ್ನೂ ಎಲ್ಲಿಂದ ತಂದದ್ದು ಎಂದು ಇನ್ನು ಝೆರಾಕ್ಸ್ ಅಂಗಡಿಗೆ ಹೋಗಿ ನೋಡಬೇಕಾಗಿಲ್ಲ.

ಇಷ್ಟನ್ನು ಬರೆದು, ಈ ಸಲವಾದರೂ ತಪ್ಪಿಲ್ಲದೆ ಇರಲಿ ಎಂದು ಗೀತಾಳಿಗೆ ಓದಲು ಕೊಟ್ಟೆ. ಅವಳು ಕಾಯಿ ತುರಿಯುತ್ತಲೇ ಓದಿದಳು. ಸಿಡಿ ಸರಿ, ಮದುವೆ ಸರಿ, ಪಾಯಸ ಮೂರಲ್ಲ ನಾಲ್ಕು ಸಲ ಎಂದಳು. ಹರಿವೆ ಮಡಿಯ ಭಾಗಕ್ಕೆ ಬಂದು ತುರಿಯುವುದನ್ನು ನಿಲ್ಲಿಸಿದಳು.

"ಕ್ಷಮೆ ಕೇಳಿದ್ದು ನಾನು. ನೀವು ರಸ್ತೆ ಮೇಲೆ ಬೈಕಿನ ಹತ್ರ ನಿಂತ್ಕಂಡು ನಾಟಕದವ್ರ ಹತ್ರ ಫೋನಲ್ಲಿ ಮಾತಾಡ್ತಿದ್ರಿ. ಮಾದೇವಕ್ಕ ಎಂತ ಅಂದ್ಲು ಅಂತ ವಾಪಸ್ ಬರುವಾಗ ನಾನೇ ಅಲ್ದಾ ಹೇಳಿದ್ದು?"

ತಂಬಿಗೆ ಕೆಳಗಿಟ್ಟ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇದ್ದರೆ ಏನಾಯಿತು, ಹಳದಿ ಚೀಲವೂ ಇತ್ತು. ಹಾಗಾದರೆ ನಾನು ಇನ್ನೂ ಕ್ಷಮೆಯನ್ನೇ ಕೇಳಿಲ್ಲ, ನಾಳೆ ಬೆಳಿಗ್ಗೆಯೇ ಕಾಯ್ಕಿಣಿಗೆ ಹೋಗಬೇಕು ಎಂದೆ. ಈರುಳ್ಳಿಯ ಕಾಲ ಮುಗಿದಿದೆ, ಬರಿಗೈಯಲ್ಲಿ ಹೋಗುವುದು ಹೇಗೆ, ಏನು ತೆಗೆದುಕೊಂಡು ಹೋಗಲಿ ಎಂದು ಕೇಳಿದೆ.

"ಎಂತ ಬೇಕಾದ್ರೂ ತಕಂಡ್ಹೋಗಿ," ಎಂದಳು ಗೀತಾ, "ಮೀನೊಂದು ಬೇಡ."